ಏಳುನೂರು ಅಡಿ ಎತ್ತರದಲ್ಲಿ

ಜನವರಿ 19

ತಮ್ಮಾ,

"ಎಂಜಿನ್ ನಿಂತರೂ ಗಾಳಿ ನಿಲ್ಲುವುದಿಲ್ಲ." ಹೀಗೇ ಇತ್ತಲ್ಲವೇ ಆ ಸಾಲು? ನಿಮ್ಮ ಫ್ಲೈಯಿಂಗ್ ಕ್ಲಬ್ಬಿನ ಹ್ಯಾಂಗರಿನ ಬಾಗಿಲ ಮೇಲೆ, ಹಳೆಯ ತರಬೇತುದಾರರು ಬಿಳಿ ಬಣ್ಣದಲ್ಲಿ ಬರೆಸಿದ್ದ ಹಲಗೆಯಲ್ಲಿ. ಅದಕ್ಕೆ ಇನ್ನೊಂದು ಅರ್ಧ ಇತ್ತು, ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಹದಿನೈದು ವರ್ಷ ಪ್ರತಿ ಭಾನುವಾರ, ನಿನ್ನ ಭಾವ ಹಾರಿ ಇಳಿಯುವವರೆಗೆ, ಆ ಹಲಗೆಯ ಕೆಳಗಿನ ಬೆಂಚಿನ ಮೇಲೆ ಪುಸ್ತಕ ಹಿಡಿದು ಕೂತವಳು ನಾನು. ಯಾವ ಯಾವುದೋ ಪದ್ಯವೆಲ್ಲ ಬಾಯಿಗೆ ಬರುತ್ತದೆ, ಇದೊಂದು ಬರುವುದಿಲ್ಲ. ನೆನಪಾದ ಅರ್ಧದ ಮೇಲೂ ಈಗ ಅನುಮಾನ. ಗಾಳಿ ನಿಲ್ಲುವುದಿಲ್ಲ, ಸರಿ. ಅದರಿಂದ ಯಾರಿಗೆ ಏನಾಯಿತು? ನಮ್ಮ ರೆಕ್ಕೆಯ ಕೆಳಗೂ ಗಾಳಿ ಇದ್ದೇ ಇತ್ತು. ನೀನು ಸರಿಯಾಗಿ ನೋಡಿ ಬರೆ.

ವಿಮಾನ ಬಿದ್ದು ನಿನ್ನ ಭಾವ ಹೋಗಿ ಐದು ವಾರ. ನನ್ನ ಎಡಗೈಯ ಬ್ಯಾಂಡೇಜು ಮೊನ್ನೆ ತೆಗೆದರು. ಭುಜದ ಮೂಳೆ ಕೂಡಿಕೊಂಡಿದೆ, ಸ್ವಲ್ಪ ವಾರೆಯಾಗಿ. ಕೆಳಗಿನ ಅವರ ಕ್ಲಿನಿಕ್ಕಿನ ಬಾಗಿಲಿಗೆ ಚೀಟಿ ಅಂಟಿಸಿದ್ದರೂ ಜನ ಗಂಟೆ ಒತ್ತುತ್ತಾರೆ. ನಿನ್ನೆ ಒಬ್ಬಾಕೆ ದವಡೆ ಹಿಡಿದುಕೊಂಡೇ ನಿಂತಿದ್ದಳು. "ಡಾಕ್ಟರ್ ಯಾವಾಗ ಬರ್ತಾರೆ?" ಅಂದಳು. ನಾನು "ಇನ್ನು ಬರೋದಿಲ್ಲ" ಅಂದೆ. "ಹಾಗಾದ್ರೆ ನಾಳೆ ಬರ್ಲಾ?" ಅಂದಳು. ಹಲ್ಲುನೋವಿಗೆ ಬೇರೆ ಯಾವ ಮಾತೂ ಕೇಳಿಸುವುದಿಲ್ಲವೇನೋ.

ತನಿಖಾಧಿಕಾರಿ ಮನೆಗೇ ಬಂದಿದ್ದರು. ಒಳ್ಳೆಯ ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟು ಬಂದರು. ಕೆಲವು ಪ್ರಶ್ನೆ ಕೇಳಿದರು, ನೆನಪಿದ್ದಷ್ಟು ಹೇಳಿದೆ. ನಾನಿನ್ನೂ ಬಾಯಿ ತೆರೆದೇ ಇದ್ದೆ, ಅವರು "ಅಷ್ಟು ಸಾಕಮ್ಮ, ಸುಸ್ತು ಮಾಡ್ಕೋಬೇಡಿ" ಅಂತ ಪುಸ್ತಕ ಮುಚ್ಚಿದರು.

ಆಸ್ಪತ್ರೆಗೆ ಬಂದು ಬಾಗಿಲ ಹತ್ತಿರವೇ ನಿಂತು ಹೊರಟುಹೋದೆಯಂತೆ. ನರ್ಸ್ ಹೇಳಿದಳು. ಯಾಕೆ ಹಾಗೆ ಮಾಡಿದೆ?

ನಿನ್ನ ಅಕ್ಕ

-

ಜನವರಿ 28

ಅಕ್ಕಾ,

ಹಲಗೆಯ ಸಾಲು ಪೂರ್ತಿ ಹೀಗಿದೆ: "ಎಂಜಿನ್ ನಿಂತರೂ ಗಾಳಿ ನಿಲ್ಲುವುದಿಲ್ಲ. ಮೂಗು ಕೆಳಗಿಡು, ಎದುರಿಗೆ ಕಂಡದ್ದನ್ನು ಒಪ್ಪಿಕೊ." ಮೊದಲ ಅರ್ಧ ಸಮಾಧಾನಕ್ಕೆ, ಎರಡನೆಯದು ಕೆಲಸಕ್ಕೆ. ಹಿಂದೆ ಬಿಟ್ಟುಬಂದ ರನ್‌ವೇಗೆ ತಿರುಗಿಸಲು ಹೋಗಬೇಡ, ಇರುವ ಎತ್ತರವೆಲ್ಲ ಆ ತಿರುವಿನಲ್ಲೇ ಮುಗಿದುಹೋಗುತ್ತದೆ, ಮುಂದೆ ಯಾವ ಹೊಲ ಕಾಣುತ್ತದೋ ಅದರಲ್ಲೇ ಇಳಿ ಅಂತ ಅರ್ಥ. ಭಾವ ಹಾಗೆಯೇ ಮಾಡಿದರು. ಹೊಲದ ಆ ಕೊನೆಯ ಬದು ಒಂದು ಇಲ್ಲದಿದ್ದರೆ ಇವತ್ತು ಇಬ್ಬರೂ ನನ್ನನ್ನು ಬೈದುಕೊಂಡು ಕಾಫಿ ಕುಡಿಯುತ್ತಿದ್ದಿರಿ.

ಎಂಜಿನನ್ನು ಹೊರತೆಗೆದು ಸ್ಟ್ಯಾಂಡಿನ ಮೇಲೆ ಕೂರಿಸಿದೆವು. ಅಧಿಕಾರಿಯ ಎದುರೇ. ಬಾಗಿದ ಪ್ರೊಪೆಲರ್ ಬಿಚ್ಚಿ ಬೇರೆಯದು ಹಾಕಿ ತಿರುಗಿಸಿದರೆ ಮೊದಲ ಸಲಕ್ಕೇ ಹೊತ್ತಿಕೊಂಡಿತು. ಗಡಿಯಾರದ ಹಾಗೆ ಓಡಿತು, ಅಕ್ಕಾ. ಪೆಟ್ರೋಲಿನಲ್ಲಿ ನೀರಿಲ್ಲ, ಪ್ಲಗ್ಗುಗಳು ಚೊಕ್ಕ. ಉಳಿದದ್ದು ಒಂದೇ: ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನ ಗಂಟಲಲ್ಲಿ ಐಸ್. ಅವತ್ತಿನ ಹಾಗೆ ತೇವ ತುಂಬಿದ ದಿನ, ಚಳಿಯೇನೂ ಇಲ್ಲದಿದ್ದರೂ, ಅದು ಒಳಗೆ ಕಟ್ಟಿಕೊಂಡು ಎಂಜಿನ್ನಿನ ಉಸಿರು ಹಿಡಿಯುತ್ತದೆ. ನಾವು ಅಲ್ಲಿಗೆ ಓಡಿ ಮುಟ್ಟುವ ಹೊತ್ತಿಗೆ ಕರಗಿ ಆವಿಯಾಗಿರುತ್ತದೆ. ಕೊಂದು, ಕೈ ತೊಳೆದುಕೊಂಡು ಹೋಗಿರುತ್ತದೆ.

ಅದಕ್ಕೆಂದೇ ಬಿಸಿಗಾಳಿಯ ನಾಬ್ ಇರುವುದು. ಎಳೆದರೆ ಎಂಜಿನ್ನಿನ ಬಿಸಿ ಒಳನುಗ್ಗಿ ಐಸ್ ಕರಗುತ್ತದೆ. ಆ ನಾಬ್ ಬಿಗಿಯಾಗಿತ್ತು. ಡಿಸೆಂಬರ್ ಎರಡಕ್ಕೆ ನಾನೇ ವಿಮಾನದ ರಿಪೇರಿ ಪುಸ್ತಕದಲ್ಲಿ ಬರೆದಿದ್ದೇನೆ, "ಬಿಗಿ ಇದೆ, ಕೇಬಲ್ ಬದಲಿಸಬೇಕು" ಅಂತ. ಕೇಬಲ್ ಬಂದಿರಲಿಲ್ಲ. ವಿಮಾನ ನಿಲ್ಲಿಸಿಬಿಡುತ್ತೇನೆ ಅಂದೆ. ಭಾವ ನಕ್ಕರು. "ಏನ್ ಡಾಕ್ಟ್ರೇ, ಮೊಣಕೈ ಹಿಡ್ಕೊಂಡಿದೆ ಅಂತ ಪೇಶೆಂಟನ್ನ ಮಲಗಿಸಿಬಿಡ್ತೀಯಾ? ಎರಡು ಭಾನುವಾರ ತಾನೇ" ಅಂದರು. ಗೊತ್ತಲ್ಲ, ನಿಜವಾದ ಡಾಕ್ಟರು ನಾನೇ, ತಾನು ಬರೀ ಹಲ್ಲು ಕೀಳುವವನು ಅನ್ನುತ್ತಿದ್ದರು. ಹಾರಬಹುದು ಅಂತ ನಾನು ಸಹಿ ಹಾಕಿದೆ. ಕೇಬಲ್ ಎಲ್ಲ ಮುಗಿದ ಮೇಲೆ, ಹದಿನೇಳಕ್ಕೆ ಬಂತು. ಪೊಟ್ಟಣ ಕಪಾಟಿನಲ್ಲಿದೆ, ಬಿಚ್ಚಿಲ್ಲ.

ಒಂದು ವಿಷಯ ನಿನಗೆ ಹೇಳಲೇಬೇಕು. ಕೆಂಪು ನಾಬ್, ಪೆಟ್ರೋಲ್ ನಿಲ್ಲಿಸುವುದು, ಪೂರ್ತಿ ಹೊರಗೆ ಎಳೆದಿತ್ತು. ನೆಲ ಮುಟ್ಟುವ ಮುಂಚೆ ಅದನ್ನು ಎಳೆಯಬೇಕು ಅಂತ ಪುಸ್ತಕದಲ್ಲಿದೆ, ಎಷ್ಟೋ ಜನಕ್ಕೆ ಆ ಗಾಬರಿಯಲ್ಲಿ ಮರೆತುಹೋಗುತ್ತದೆ. ಭಾವ ಮರೆತಿಲ್ಲ. ಅಧಿಕಾರಿ ಎರಡು ಸಲ ಹೇಳಿದರು: ಅದರಿಂದಲೇ ಬೆಂಕಿ ಹತ್ತಲಿಲ್ಲ, ಅದರಿಂದಲೇ ಹೆಂಡತಿ ಉಳಿದರು ಅಂತ. ಮನೆ ಬಿಡುವ ಮುಂಚೆ ದೀಪ ಆರಿಸಿ ಹೋಗುವವರ ಹಾಗೆ.

ಕೇಳಬೇಕಾದ್ದು ಒಂದಿದೆ. ಭಾವ ಬಿಸಿಗಾಳಿ ಎಳೆದರಾ? ಎಳೆದಾಗ ಬಂತಾ? ನೀನು ಪಕ್ಕದಲ್ಲೇ ಇದ್ದೆ.

ಆಸ್ಪತ್ರೆಯಲ್ಲಿ ನಿನಗೆ ಎಚ್ಚರವಿತ್ತು. ನನ್ನನ್ನು ನೋಡಿ ಮುಖ ಗೋಡೆಯ ಕಡೆ ತಿರುಗಿಸಿದೆ. ಅದಕ್ಕೇ ಹೋದೆ.

ತಮ್ಮ

-

ಫೆಬ್ರವರಿ 10

ತಮ್ಮಾ,

ನನಗೆ ನೆನಪಿಲ್ಲ. ಡಾಕ್ಟರು ಇದು ಸಹಜ ಅಂದಿದ್ದಾರೆ. ತಲೆಗೆ ಏಟು ಬಿದ್ದವರಿಗೆ ಅದರ ಹಿಂದಿನ ಕೆಲವು ನಿಮಿಷ ಅಳಿಸಿಹೋಗುತ್ತವಂತೆ.

ಅವರ ಉಣ್ಣೆಯ ಕೋಟು ನಿನಗೆ ಕಳಿಸುತ್ತಿದ್ದೇನೆ. ತೋಳು ಉದ್ದವಾಗಬಹುದು, ದರ್ಜಿಗೆ ಕೊಡು. ಗ್ರಂಥಾಲಯದ ಕೆಲಸಕ್ಕೆ ಸೋಮವಾರದಿಂದ ಹೋಗುತ್ತಿದ್ದೇನೆ. ಮೇಲಿನ ಕಪಾಟಿಗೆ ಕೈ ಏರುವುದಿಲ್ಲ, ಕೆಳಗಿನ ಪುಸ್ತಕಗಳನ್ನು ಮಾತ್ರ ಜೋಡಿಸುತ್ತೇನೆ.

ಆ ಕೆಂಪು ನಾಬಿನ ವಿಷಯ ಇನ್ನೊಮ್ಮೆ ಬರೆಯಬೇಡ.

ಅಕ್ಕ

-

ಫೆಬ್ರವರಿ 21

ಅಕ್ಕಾ,

ಕೋಟು ಬಂತು. ಜೇಬಿನಲ್ಲಿ ಲವಂಗದ ಪೊಟ್ಟಣ ಇತ್ತು. ತೋಳು ಮೊಟಕು ಮಾಡಿಸಿಲ್ಲ.

ನೀನು ಬೇಕಂತಲೇ ನೆನಪಿಲ್ಲ ಅನ್ನುತ್ತಿದ್ದೀಯ ಅಂತ ನನಗೆ ಗೊತ್ತಾಗುತ್ತದೆ. ಚಿಕ್ಕಂದಿನಲ್ಲಿ ಅಪ್ಪನ ರೇಡಿಯೋ ನಾನು ಬಿಚ್ಚಿಟ್ಟು ಕೂಡಿಸಲಾಗದೆ ಕೂತಾಗಲೂ ನೀನು "ನಾನು ನೋಡ್ಲೇ ಇಲ್ಲಪ್ಪ" ಅಂದಿದ್ದೆ. ಆಗ ಅದು ನನ್ನನ್ನು ಏಟಿನಿಂದ ಉಳಿಸಿತು. ಈಗ ಉಳಿಸುವುದಿಲ್ಲ. ಮಾರ್ಚ್ ಹದಿನಾಲ್ಕಕ್ಕೆ ವಿಚಾರಣೆ. ನನ್ನ ಲೈಸೆನ್ಸ್ ಇರುತ್ತದೋ ಹೋಗುತ್ತದೋ ಅಲ್ಲಿ ತೀರ್ಮಾನ. ಆದರೆ ನಾನು ಕೇಳುತ್ತಿರುವುದು ಲೈಸೆನ್ಸಿಗಾಗಿ ಅಲ್ಲ. ನಾಬ್ ಬರಲಿಲ್ಲ ಅಂದರೆ ಬರಲಿಲ್ಲ ಅಂತಲೇ ಬರೆ. ಭಾವನನ್ನು ಕೊಂದವನು ನಾನು ಅಂತ ಗೊತ್ತಾದರೆ ಅದನ್ನು ಹೊತ್ತುಕೊಳ್ಳುವುದು ಹೇಗೆ ಅಂತ ಯೋಚಿಸಬಹುದು. ಗೊತ್ತೇ ಇಲ್ಲದ್ದನ್ನು ಹೊರುವುದು ಹೇಗೆ?

ವಿಮಾನ ಹ್ಯಾಂಗರಿನ ಮೂಲೆಯಲ್ಲಿದೆ, ಮೂಗು ಇಲ್ಲದೆ. ಮಧ್ಯಾಹ್ನ ಎಲ್ಲ ಊಟಕ್ಕೆ ಹೋದಾಗ ಭಾವನ ಸೀಟಿನಲ್ಲಿ ಕೂತು ಆ ನಾಬ್ ಎಳೆಯುತ್ತೇನೆ. ಲೆಕ್ಕ ಇಟ್ಟಿದ್ದೇನೆ. ಒಂದು ಕೈಯಲ್ಲಿ ಎಳೆದರೆ ಹತ್ತಕ್ಕೆ ಏಳು ಸಲ ಬರುತ್ತದೆ. ಎರಡೂ ಕೈ ಹಾಕಿದರೆ ಪ್ರತಿ ಸಲವೂ ಬರುತ್ತದೆ. ಒಂದು ಸಲವೂ ತಪ್ಪಿಲ್ಲ. ಆದರೆ ಭಾವನ ಇನ್ನೊಂದು ಕೈ ಸ್ಟಿಯರಿಂಗಿನ ಮೇಲೆ ಇರಲೇಬೇಕಲ್ಲ. ಹಾಗಾಗಿ ಆ ಮೂರು ಸಲದಲ್ಲಿ ಅವತ್ತಿನದೂ ಒಂದು ಇರಬೇಕು.

ನಿನ್ನೆ ಹೀಗೆ ಕೂತಿದ್ದಾಗ ಬಣ್ಣ ಬಳಿಯುವವನು ಬೇಗ ಬಂದುಬಿಟ್ಟ. "ಏನಪ್ಪಾ, ಎಲ್ಲಿಗೆ ಸವಾರಿ?" ಅಂದ. ನಾನು ನಾಬಿನಿಂದ ಕೈ ತೆಗೆದೆ. "ಟಿಕೆಟ್ ಇದ್ರೆ ಹೇಳು, ನಾನೂ ಬರ್ತೀನಿ. ನಿನ್ನ ರಿಪೇರಿ ಮೇಲೆ ನಂಬಿಕೆ ಇರೋನು ನಾನೊಬ್ನೇ" ಅಂದ. ಆಮೇಲೆ ಅವನೇ ಪೆಚ್ಚಾಗಿ ಚಹಾ ತಂದುಕೊಟ್ಟ. ಕೆಟ್ಟವನಲ್ಲ. ಮೊದಲು ವಿಮಾನ ಹತ್ತುವವರು ನನ್ನ ಬೆನ್ನು ತಟ್ಟಿ ಹೋಗುತ್ತಿದ್ದರು. ಈಗ ನಾನು ಮುಚ್ಚಿದ ಬಾನೆಟ್ಟನ್ನು ಮತ್ತೆ ತೆಗೆಸಿ ನೋಡುತ್ತಾರೆ, ನನ್ನ ಎದುರೇ.

ಒಂದು ಸಾಲು ಬರೆ. ವಿಚಾರಣೆಗೆ ಮುಂಚೆ.

ತಮ್ಮ

-

ಮಾರ್ಚ್ 16

ಅಕ್ಕಾ,

ನಿನ್ನ ಉತ್ತರಕ್ಕೆ ಹದಿಮೂರನೇ ತಾರೀಖಿನ ಸಂಜೆಯ ಅಂಚೆಯವರೆಗೂ ಕಾದೆ. ಇರಲಿ. ಉತ್ತರ ವಿಚಾರಣೆಯಲ್ಲಿ ಸಿಕ್ಕಿತು.

ಉದ್ದನೆಯ ಮೇಜು, ಆ ಕಡೆ ಮೂವರು, ಈ ಕಡೆ ನಾನೊಬ್ಬ. ಫ್ಯಾನಿನ ಗಾಳಿಗೆ ಕಾಗದ ಹಾರದಂತೆ ನಿನ್ನ ಹೇಳಿಕೆಯ ಮೇಲೆ ಒಂದು ಸ್ಟೇಪ್ಲರ್ ಇಟ್ಟಿದ್ದರು. ಗಟ್ಟಿಯಾಗಿ ಓದಿದರು: "ಎಂಜಿನ್ ಕೆಮ್ಮಲು ಶುರುಮಾಡಿದಾಗ, ಬಿಸಿಗಾಳಿಯ ನಾಬ್ ಬಿಗಿ ಇದೆ, ಬರುತ್ತಿಲ್ಲ ಎಂದು ಪತಿ ಹೇಳಿದರು." ಒಂದೇ ವಾಕ್ಯ. ಜನವರಿಯಲ್ಲೇ ಹೇಳಿದ್ದೀಯ. ನನಗೆ ಮಾತ್ರ ನೆನಪಿಲ್ಲ ಅಂತ ಬರೆದೆ. ನನ್ನ ಮುಖಕ್ಕೆ ಹೇಳಲು ಆಗಲಿಲ್ಲ ಅಂತ ಅರ್ಥವಾಯಿತು. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆನೇನೋ.

ದೋಷ ಗೊತ್ತಿದ್ದೂ ಸಹಿ ಹಾಕಿದ್ದು ನನ್ನ ತಪ್ಪು ಅಂತ ತೀರ್ಪು. ಲೈಸೆನ್ಸ್ ರದ್ದು. ಪೈಲಟ್ ಕೊನೆಯ ಕ್ಷಣದವರೆಗೂ ಶಿಸ್ತು ಬಿಡಲಿಲ್ಲ, ಕೆಂಪು ನಾಬ್ ಎಳೆದಿದ್ದರು ಅಂತ ಸೇರಿಸಿದ್ದಾರೆ. ನೀನು ಬರೆಯಬೇಡ ಅಂದಿದ್ದೆ, ಆದರೂ ಬರೆದೆ. ನಿನಗೆ ಮುಂದೆ ಅದೊಂದು ಸಮಾಧಾನ ಆಗಬಹುದು.

ಕ್ಲಬ್ಬಿನ ಕೋಣೆ ಖಾಲಿ ಮಾಡಿದೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನೀರಿನ ಪಂಪು ರಿಪೇರಿ ಮಾಡುವ ಅಂಗಡಿ ಇದೆ, ಅಲ್ಲಿ ಸೇರಿಕೊಂಡಿದ್ದೇನೆ. ಎರಡು ಮನೆ ಆಚೆ ಒಂದು ಕೋಣೆ. ಪತ್ರವನ್ನು ಅಂಗಡಿಯ ವಿಳಾಸಕ್ಕೇ ಬರೆ. ಪಂಪು ಕೆಟ್ಟರೆ ಯಾರೂ ಬೀಳುವುದಿಲ್ಲ. ನೆಲದ ಮೇಲೇ ಇರುತ್ತದೆ.

ತಮ್ಮ

-

ಮಾರ್ಚ್ 25

ತಮ್ಮಾ,

ನಿನ್ನ ಪತ್ರವನ್ನು ಗ್ರಂಥಾಲಯದ ದಾಸ್ತಾನು ಕೋಣೆಯಲ್ಲಿ ನಿಂತುಕೊಂಡೇ ಓದಿದೆ. ಅಲ್ಲಿ ಕುರ್ಚಿ ಇಲ್ಲ.

ನಾನು ಏನು ಬರೆಯಲಿ? ನೀನು ಇಲ್ಲಿಗೆ ಬಂದುಬಿಡು. ಕ್ಲಿನಿಕ್ಕಿನ ಜಾಗ ಖಾಲಿ ಬಿದ್ದಿದೆ, ಅಲ್ಲೇ ಏನಾದರೂ ಅಂಗಡಿ ಇಟ್ಟುಕೊ. ಅವರ ಹಲ್ಲು ನೋಡುವ ಕುರ್ಚಿಯನ್ನು ಯಾರಾದರೂ ಹೊಸ ದಂತವೈದ್ಯರು ಒಯ್ಯುತ್ತಾರೆ. ಇಲ್ಲಿ ಯಾರೂ ನಿನ್ನನ್ನು ಏನೂ ಕೇಳುವುದಿಲ್ಲ.

ನಿನ್ನ ಮೇಲೆ ನನಗೆ ಕೋಪ ಇದೆ ಅಂದುಕೊಂಡಿದ್ದೀಯ. ಇಲ್ಲ. ಒಂದು ದಿನವೂ ಇರಲಿಲ್ಲ. ನಿನ್ನನ್ನು ನಾನು ಯಾವತ್ತೋ ಕ್ಷಮಿಸಿದ್ದೇನೆ. ಇದನ್ನು ನಂಬು, ಹೊಟ್ಟೆಗೆ ಸರಿಯಾಗಿ ತಿನ್ನು. ನಿನ್ನ ಅಕ್ಷರ ನೋಡಿದರೆ ತಿನ್ನುತ್ತಿಲ್ಲ ಅನ್ನಿಸುತ್ತದೆ.

ಅಕ್ಕ

-

ಏಪ್ರಿಲ್ 7

ಅಕ್ಕಾ,

ಕ್ಷಮಿಸಿದ್ದೇನೆ ಅಂತ ಬರೆದಿದ್ದೀಯ. ಅಧಿಕಾರಿಗಳು ಬರೆದದ್ದನ್ನು ನಾನು ಪೂರ್ತಿ ನಂಬಿರಲಿಲ್ಲ. ಅವರು ಅಲ್ಲಿರಲಿಲ್ಲವಲ್ಲ. ನೀನು ಇದ್ದೆ. ನೀನು ಕ್ಷಮಿಸಿದ್ದೀಯ ಅಂದರೆ ಕ್ಷಮಿಸುವಂಥದ್ದು ಆಗಿದೆ ಅಂತ ಈಗ ಖಾತ್ರಿಯಾಯಿತು.

ಇಲ್ಲಿ ಕೆಲಸ ನಡೆಯುತ್ತಿದೆ, ಒಂದು ತೊಂದರೆ ಬಿಟ್ಟರೆ. ನಟ್ಟು ಬಿಗಿ ಮಾಡಿದ ಮೇಲೆ ಅದರ ಮೇಲೆ ನಂಬಿಕೆ ಬರುವುದಿಲ್ಲ. ಮತ್ತೆ ಬಿಚ್ಚಿ ಮತ್ತೆ ಬಿಗಿ ಮಾಡುತ್ತೇನೆ. ಮೊನ್ನೆ ಒಂದು ಬೋಲ್ಟಿನ ತಿರುಪೇ ಸವೆದುಹೋಯಿತು. ಅಂಗಡಿಯ ಯಜಮಾನರು "ಇದು ಪಂಪು ಕಣಯ್ಯಾ, ಹಾರೋದಿಲ್ಲ" ಅಂದರು. ಸುತ್ತ ಇದ್ದವರು ನಕ್ಕರು, ನಾನೂ ನಕ್ಕೆ. ಕೋಣೆಯಲ್ಲಿ ಸ್ಟವ್ ಆರಿಸಿ ಬಾಗಿಲು ಹಾಕಿದ ಮೇಲೆ ಮತ್ತೆ ಬೀಗ ತೆಗೆದು ನೋಡುತ್ತೇನೆ. ಆರೇಳು ಸಲ. ಪಕ್ಕದ ಕೋಣೆಯಲ್ಲಿ ನಿವೃತ್ತ ಬಸ್ ಕಂಡಕ್ಟರ್ ಒಬ್ಬರಿದ್ದಾರೆ. ಗೋಡೆಯ ಆಚೆಯಿಂದ ಕೂಗುತ್ತಾರೆ, "ಆರಿದೆ ಹೋಗಯ್ಯಾ, ನಾನು ಸಾಕ್ಷಿ" ಅಂತ.

ಊರಿಗೆ ಬರಲಾರೆ. ಆ ಮೆಟ್ಟಿಲು ಹತ್ತಲಾರೆ. ನೀನು ಬರೆಯಬೇಡ ಅನ್ನುವುದಿಲ್ಲ. ನಾನು ಬರೆಯುವುದು ಇನ್ನು ಕಷ್ಟ.

ತಮ್ಮ

-

ಮೇ 12

ತಮ್ಮಾ,

ಇದನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಈ ಸಲ ಹರಿಯುವುದಿಲ್ಲ. ಕೊನೆಯವರೆಗೂ ಓದು, ನಡುವೆ ಬಿಡಬೇಡ.

ನನಗೆ ಎಲ್ಲ ನೆನಪಿದೆ. ಒಂದು ಕ್ಷಣವೂ ಅಳಿಸಿಲ್ಲ.

ಮೋಡ ಕೆಳಗಿಳಿದಿತ್ತು. ಅದರಡಿಯಲ್ಲಿ ಏಳುನೂರು ಅಡಿ ಎತ್ತರದಲ್ಲಿ ವಾಪಸು ಬರುತ್ತಿದ್ದೆವು. ಕಾಲುವೆ ದಾಟಿದ ಮೇಲೆ ಎಂಜಿನ್ ಕೆಮ್ಮಿತು. ನಿಲ್ಲಲಿಲ್ಲ, ಕೆಮ್ಮಿತು ಅಷ್ಟೆ. ಅವರು ಬಲಗೈಯಲ್ಲಿ ಬಿಸಿಗಾಳಿಯ ನಾಬ್ ಎಳೆದರು, ಒಂದು ಸಲ. ಅಷ್ಟರಲ್ಲಿ ವಿಮಾನ ವಾಲಿತು, ಕೈ ತೆಗೆದು ಸ್ಟಿಯರಿಂಗ್ ಹಿಡಿದರು. ಕಣ್ಣು ಕಿಟಕಿಯ ಹೊರಗೆ, ಹೊಲ ಹುಡುಕುತ್ತಾ. ಆಗ ಹೇಳಿದ್ದು ಇಷ್ಟು: "ಬಿಗಿ ಇದೆ, ಬರ್ತಿಲ್ಲ. ನೀನು ಎಳಿ, ಎರಡೂ ಕೈ ಹಾಕು. ಎಳೆದ ಮೇಲೆ ಮೊದ್ಲು ಇನ್ನೂ ಜಾಸ್ತಿ ಕೆಮ್ಮುತ್ತೆ, ಹೆದರ್ಬೇಡ. ಕರಗೋ ತನಕ ಕಾಯ್ಬೇಕು."

ಇದರಲ್ಲಿ ಮೊದಲ ವಾಕ್ಯವನ್ನು ಮಾತ್ರ ಅಧಿಕಾರಿಗೆ ಹೇಳಿದೆ.

ನಾನು ಎರಡೂ ಕೈ ಹಾಕಿ ಎಳೆದೆ. ಕೆಂಪನ್ನು ಎಳೆದೆ.

ಎಷ್ಟೋ ಸಲ ತೋರಿಸಿಕೊಟ್ಟಿದ್ದರು, ಯಾವುದು ಏನು ಅಂತ. ಆ ಕ್ಷಣದಲ್ಲಿ ಕೈಗೆ ಅದೆಲ್ಲ ಗೊತ್ತಿರಲಿಲ್ಲ. ಅಪಾಯದಲ್ಲಿ ಎಳೆಯುವುದು ಕೆಂಪನ್ನು ಅಂತ ಮಾತ್ರ ಗೊತ್ತಿತ್ತು. ರೈಲಿನ ಸರಪಳಿಯ ಹಿಡಿ ಕೆಂಪು, ಬೆಂಕಿ ಆರಿಸುವ ಡಬ್ಬಿ ಕೆಂಪು. ಬಿಗಿ ಇದೆ ಅಂದಿದ್ದು ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ ಬಂತು. ಅಷ್ಟು ಸಲೀಸಾಗಿ ಬಂದಾಗಲೇ ನನಗೆ ತಿಳಿಯಬೇಕಿತ್ತು.

ಕೆಮ್ಮುತ್ತಿದ್ದದ್ದು ಸುಮ್ಮನಾಯಿತು. ಪ್ರೊಪೆಲರ್ ಮಾತ್ರ ಗಾಳಿಗೆ ಸುತ್ತುತ್ತಿತ್ತು. "ಬಂತಾ?" ಅಂದರು. "ಬಂತು" ಅಂದೆ. "ಸರಿ, ಕಾಯೋಣ" ಅಂದರು. ತಮ್ಮಾ, ನಾವು ಕಾದೆವು. ಎಂಜಿನ್ ಸತ್ತದ್ದನ್ನು ಐಸ್ ಕರಗುತ್ತಿದೆ ಅಂದುಕೊಂಡು, ಅದು ಮತ್ತೆ ಹಿಡಿದುಕೊಳ್ಳುತ್ತದೆ ಅಂತ ಕಾದೆವು. ನಾನು ಎಣಿಸುತ್ತಿದ್ದೆ. ಹದಿನೆಂಟರವರೆಗೆ ಎಣಿಸಿದೆ. ಆ ಕೆಂಪು ನಾಬನ್ನು ಒಳಗೆ ತಳ್ಳಿದ್ದರೆ ಯಾವ ಎಣಿಕೆಯಲ್ಲಾದರೂ ಎಂಜಿನ್ ಎದ್ದೇಳುತ್ತಿತ್ತು, ಅಲ್ಲವೇ? ನೀನೇ ಹೇಳಬೇಕು. ಹೇಳಬೇಡ.

ಹೊಲದ ಮೇಲೆ ಬಂದಾಗ ಅವರು ಪೆಟ್ರೋಲ್ ನಿಲ್ಲಿಸಲು ಕೈ ಕೆಳಗಿಳಿಸಿದರು. ಕೆಂಪು ನಾಬ್ ಅಷ್ಟು ಹೊತ್ತಿಗೇ ಹೊರಗಿತ್ತು. ಅದರ ಮೇಲೆ ನನ್ನ ಎರಡೂ ಕೈ ಇದ್ದವು, ಬಿಗಿಯಾಗಿ ಹಿಡಿದುಕೊಂಡೇ ಇದ್ದೆ. ಅದನ್ನು ನೋಡಿದರು. ನನ್ನನ್ನು ನೋಡಿದರು. ಅವರಿಗೆ ಗೊತ್ತಾಯಿತು. "ಇರ್ಲಿ ಬಿಡು" ಅಂದರು. ಚಹಾ ಚೆಲ್ಲಿದರೆ ಅನ್ನುವ ಹಾಗೆ. ಆಮೇಲೆ ಮುಂದೆ ನೋಡಿದರು. ಬದು ಬಂತು.

ನೀನು ಹೊಗಳಿದ ಶಿಸ್ತು ಅದು. ಇಡೀ ಕ್ಲಬ್ಬು ಹೊಗಳಿದ್ದು. ನನ್ನನ್ನು ಉಳಿಸಿತು ಅಂತ ನೀವೆಲ್ಲ ಅನ್ನುವುದು ನನ್ನ ಕೈಯ ತಪ್ಪನ್ನು.

ಅವರ ಕೊನೆಯ ಒಳ್ಳೆಯ ಕೆಲಸ ಅಂತ ಎಲ್ಲರೂ ಅಂದುಕೊಂಡದ್ದನ್ನು ಕಿತ್ತುಕೊಳ್ಳಬಾರದು ಅಂತ ಸುಮ್ಮನಿದ್ದೆ ಅಂತ ನನಗೆ ನಾನೇ ಹೇಳಿಕೊಂಡೆ. ಅದು ನೆಪ. ಹೆದರಿದೆ, ಅಷ್ಟೇ ನಿಜ. ಆಸ್ಪತ್ರೆಯಲ್ಲಿ ಮುಖ ತಿರುಗಿಸಿದ್ದು ನಿನ್ನನ್ನು ನೋಡಲಾರದೆ ಅಲ್ಲ, ನೀನು ನನ್ನನ್ನು ನೋಡಬಾರದು ಅಂತ. ಎರಡೂ ಕೈ ಹಾಕಿದರೆ ಪ್ರತಿ ಸಲವೂ ಬರುತ್ತದೆ ಅಂತ ನೀನು ಬರೆದ ಕಾಗದ ಬಂದ ದಿನ, ಈ ಪತ್ರ ಬರೆಯಲು ಕೂತಿದ್ದೆ. ವಿಚಾರಣೆಗೆ ಇನ್ನೂ ಹದಿನೆಂಟು ದಿನವಿತ್ತು. ಬರೆಯಲಿಲ್ಲ. ಆಮೇಲೆ ನಿನ್ನನ್ನು ಕ್ಷಮಿಸಿದ್ದೇನೆ ಅಂತ ಬರೆದೆ. ಆ ಕಾಗದವನ್ನು ಸುಟ್ಟುಬಿಡು.

ನಿನ್ನ ಕೇಬಲ್ ಬಿಗಿ ಇದ್ದದ್ದು ನಿಜ. ಆದರೆ ಅದನ್ನು ಎರಡೂ ಕೈಯಿಂದ ಯಾರೂ ಎಳೆಯಲಿಲ್ಲ. ಅಧಿಕಾರಿಗೆ ಇದನ್ನೆಲ್ಲ ಇವತ್ತೇ ಬರೆದು ಸಹಿ ಹಾಕಿ ಕಳಿಸುತ್ತಿದ್ದೇನೆ.

ಅಕ್ಕ

-

ಜೂನ್ 3

ತಮ್ಮಾ,

ನಿನ್ನಿಂದ ಕಾಗದವಿಲ್ಲ. ಕೇಳುವ ಮುಖವೂ ನನಗಿಲ್ಲ. ಆದರೂ ದಿನಾ ಅಂಚೆಯ ಹೊತ್ತಿಗೆ ಮೆಟ್ಟಿಲ ಮೇಲೆ ಕೂರುತ್ತೇನೆ.

ಅಧಿಕಾರಿಯಿಂದ ಉತ್ತರ ಬಂದಿದೆ. ಮೂರು ಸಾಲು. ನನ್ನ ಹೊಸ ಹೇಳಿಕೆಯನ್ನು ಕಡತಕ್ಕೆ ಸೇರಿಸಲಾಗಿದೆ. ದೋಷ ಗೊತ್ತಿದ್ದೂ ವಿಮಾನವನ್ನು ಹಾರಾಟಕ್ಕೆ ಬಿಟ್ಟದ್ದು ಇದರಿಂದ ಬದಲಾಗುವುದಿಲ್ಲವಾದ್ದರಿಂದ ತೀರ್ಪು ಹಾಗೆಯೇ ಉಳಿಯುತ್ತದೆ. ಕೆಳಗೆ ಶಾಯಿಯಲ್ಲಿ, ಬೇರೆ ಅಕ್ಷರದಲ್ಲಿ, "ನಿಮ್ಮ ದುಃಖ ಅರ್ಥವಾಗುತ್ತದೆ" ಅಂತ ಬರೆದಿದ್ದಾರೆ. ದುಃಖದಲ್ಲಿ ಏನೇನೋ ಹೇಳುತ್ತಿದ್ದಾಳೆ, ತಮ್ಮನನ್ನು ಉಳಿಸಲು ಕತೆ ಕಟ್ಟುತ್ತಿದ್ದಾಳೆ ಅಂದುಕೊಂಡಿರಬೇಕು. ಸುಳ್ಳಿಗೆ ಸಿಕ್ಕಿದ ನಂಬಿಕೆ ನಿಜಕ್ಕೆ ಸಿಗಲಿಲ್ಲ.

ನೀನಾದರೂ ನಂಬಿದೆಯಾ? ಬೈದು ಬರೆ. ಬರೀ ಬೈಗುಳವೇ ಇರಲಿ, ನಿನ್ನ ಅಕ್ಷರದಲ್ಲಿ ಇರಲಿ.

ಅಕ್ಕ

-

ಜೂನ್ 21

ತಮ್ಮಾ,

ಇದನ್ನು ನಿನ್ನ ಪಕ್ಕದ ಕೋಣೆಯ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ಬರೆದು ಕಂಡಕ್ಟರ್ ಅವರ ಕೈಗೆ ಕೊಡುತ್ತೇನೆ. ನಿನಗೆ ತಲುಪಿಸುತ್ತೇನೆ ಅಂತ ಅವರು ಹೇಳಲಿಲ್ಲ. ತಲುಪಿಸುವುದಿಲ್ಲ ಅಂತಲೂ ಹೇಳಲಿಲ್ಲ.

ಬೆಳಗಿನ ಬಸ್ಸಿಗೆ ಬಂದು ಮೊದಲು ಅಂಗಡಿಗೆ ಹೋದೆ. ಯಜಮಾನರು ಕೈಯ ಗ್ರೀಸ್ ಒರೆಸಿಕೊಳ್ಳುತ್ತಾ ಎದ್ದು ನಿಂತರು. ನಾನು ಯಾರು ಅಂತ ಹೇಳುವ ಮುಂಚೆಯೇ ಗೊತ್ತಾಯಿತಂತೆ, ನಿಮ್ಮಿಬ್ಬರದೂ ಒಂದೇ ಹಣೆ ಅಂದರು. "ಮೇ ತಿಂಗಳಲ್ಲಿ ಒಂದು ದಪ್ಪ ಕಾಗದ ಬಂತಮ್ಮ. ಆ ಬೆಂಚಿನ ಮೇಲೆ ಕೂತೇ ಓದಿದ, ಎರಡು ಸಲ. ನಾನು ಏನಯ್ಯಾ, ಯಾರಿಗಾದ್ರೂ ಹುಷಾರಿಲ್ವಾ ಅಂದೆ. ಏನೂ ಇಲ್ಲ ಅಂದು ಕೆಲಸಕ್ಕೆ ಕೂತ. ಮೂರು ಪಂಪು ಕೂಡಿಸಿದ. ಒಂದು ನಟ್ಟನ್ನೂ ಎರಡನೇ ಸಲ ಮುಟ್ಟಲಿಲ್ಲ. ಸರಿಹೋದ ಅಂದ್ಕೊಂಡೆ ನಾನು. ಸಂಜೆ ಕೈ ತೊಳ್ಕೊಂಡು, ನಾಳೆಯಿಂದ ಬರೋದಿಲ್ಲ ಅಂದ."

ಆ ಮೂರು ಪಂಪುಗಳಲ್ಲಿ ಒಂದನ್ನು ಇನ್ನೂ ಯಾರೂ ಒಯ್ದಿಲ್ಲ. ತೋರಿಸಿದರು. ನಾನು ಅದರ ನಟ್ಟುಗಳನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಯಜಮಾನರು ಆ ಕಡೆ ತಿರುಗಿಕೊಂಡರು.

ನಿನ್ನ ಕೋಣೆಗೆ ಬೇರೆ ಬೀಗ ಹಾಕಿದೆ. ಕಿಟಕಿಯ ಗಾಜಿನ ಒಳಗೆ ಬಣ್ಣ ಹಚ್ಚುವವರ ಏಣಿ ಕಾಣಿಸಿತು. ಏನೂ ಮಾಡಲು ತೋಚದೆ ಆ ಬೀಗವನ್ನೇ ಹಿಡಿದುಕೊಂಡು ನಿಂತಿದ್ದೆ. ನೀನು ನನ್ನನ್ನು ನಂಬಿದ್ದೀಯ ಅಂತ ಗೊತ್ತಾಯಿತು. ಅಷ್ಟನ್ನೇ ತಿಳಿಯಲು ಬಂದೆ ಅಂದುಕೊಂಡಿದ್ದೆ. ಅದು ಸುಳ್ಳು. ನಿನ್ನನ್ನು ನೋಡಲು ಬಂದಿದ್ದೆ.

ಆಗ ಪಕ್ಕದ ಬಾಗಿಲು ತೆರೆಯಿತು. ಬಿಳಿ ಮೀಸೆಯ ಎತ್ತರದ ಮನುಷ್ಯ, ಕೈಯಲ್ಲಿ ಅನ್ನದ ಸೌಟು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ವಾರೆಯಾದ ಭುಜದ ಮೇಲೆ ಸ್ವಲ್ಪ ಹೊತ್ತು ಕಣ್ಣು ನಿಂತಿತು. ಆಮೇಲೆ ಬಾಗಿಲಿನಿಂದ ಪಕ್ಕಕ್ಕೆ ಸರಿದು ಜಾಗ ಬಿಟ್ಟು ಹೇಳಿದರು:

"ಅಕ್ಕನೋರು ಅಲ್ವಾ? ಬನ್ನಿ ಒಳಗೆ, ಊಟದ ಹೊತ್ತು. ಅಕ್ಕ ಬಂದ್ರೆ ಹಸಿವಲ್ಲಿ ಕಳಿಸಬೇಡಿ ಅಂತ ಹೇಳಿ ಹೋಗಿದ್ದಾನೆ. ಎಲ್ಲಿದೀನಿ ಅಂತ ಮಾತ್ರ ಹೇಳಬೇಡಿ ಅಂದಿದ್ದಾನೆ."